ದೂರದ ವರ್ಚುವಲ್ ಮಷೀನ್: ಯಾವ ಪೋರ್ಟ್, ಯಾರಿಗೆ?

ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯ ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟರೆ ಸಿಬ್ಬಂದಿ ಅದನ್ನು ಟೈಪ್ ಮಾಡುವುದು ಅಲ್ಲಿನ ಕಂಪ್ಯೂಟರಿನಲ್ಲಿ. ಆದರೆ ಅದು ದಾಖಲಾಗುವ ಸರ್ವರ್ ಇರುವುದು ಬೆಂಗಳೂರಿನಲ್ಲಿ. ಸರ್ಕಾರದ ತಂತ್ರಾಂಶಗಳಿಗಾಗಿಯೇ ಅಲ್ಲಿ ರಾಜ್ಯ ದತ್ತಾಂಶ ಕೇಂದ್ರವಿದೆ. ತಾಲ್ಲೂಕು ಕೇಂದ್ರಗಳನ್ನು ಅದಕ್ಕೆ ಜೋಡಿಸಲು ಕೆಸ್ವಾನ್ ಎಂಬ ರಾಜ್ಯವ್ಯಾಪಿ ಜಾಲವಿದೆ. ಇಂಥ ಕೇಂದ್ರಗಳಲ್ಲಿ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಯಂತ್ರ ಇಡುವ ಕಾಲ ಮುಗಿದಿದೆ. ಒಂದು ದೊಡ್ಡ ಯಂತ್ರದೊಳಗೆ ಹಲವು ವರ್ಚುವಲ್ ಮಷೀನ್‌ಗಳು, ಅಂದರೆ ವಿಎಂಗಳು, ಒಟ್ಟಿಗೆ ಓಡುತ್ತವೆ. ಅವನ್ನು ಓಡಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು.

ಹೀಗೆ ಓಡುವ ಸರ್ವರ್‌ಗೆ ಎರಡು ಬಗೆಯ ಜನ ಬರುತ್ತಾರೆ. ಅರ್ಜಿ ಹಾಕುವವರು, ಪಹಣಿ ತೆಗೆಯುವವರು 443ನೇ ಪೋರ್ಟ್‌ನಲ್ಲಿ, ಸಾಮಾನ್ಯ ಬ್ರೌಸರ್ ಮೂಲಕ ಬರುತ್ತಾರೆ. ವಿಎಂ ಹೊಸದಾಗಿ ಮಾಡುವ, ನಿಲ್ಲಿಸುವ, ನಕಲು ತೆಗೆಯುವ, ಬೇಕಿದ್ದರೆ ಅಳಿಸಿಯೇ ಹಾಕುವ ಅಧಿಕಾರವಿರುವ ಕೆಲವೇ ಕೆಲವರು ಬೇರೆ ಪೋರ್ಟ್‌ಗಳಲ್ಲಿ ಬರುತ್ತಾರೆ. ಈ ಎರಡು ದಾರಿಗಳು ಎಲ್ಲೂ ಒಂದನ್ನೊಂದು ಕೂಡಬಾರದು. ದತ್ತಾಂಶ ಕೇಂದ್ರಕ್ಕೆ ಎಷ್ಟು ನಿಜವೋ, ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ವಿಎಂ ಕಟ್ಟಿ ಕಲಿಯುತ್ತಿರುವ ಬಿಸಿಎ ವಿದ್ಯಾರ್ಥಿಗೂ, ಊರಿನ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುವ ಸಿಸ್ಟಂ ಅಡ್ಮಿನ್‌ಗೂ ಇದು ಅಷ್ಟೇ ನಿಜ. ಪೋರ್ಟ್ ಸಂಖ್ಯೆಗಳನ್ನು ಬಾಯಿಪಾಠ ಮಾಡುವುದಕ್ಕೆ ಮೊದಲು, ಆ ಪೋರ್ಟ್ ಯಾರಿಗೆ ಕಾಣಬೇಕು ಎಂದು ನಿರ್ಧರಿಸಿ.

ಜನರ ದಾರಿಯನ್ನು ಮುಚ್ಚಲಾಗದು. 2025ರ ಆರಂಭದಲ್ಲಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಡಿಡಾಸ್ ದಾಳಿ ನಡೆದಿದ್ದು ಸುದ್ದಿಯಾಯಿತು. ನಕಲಿ ಖಾತೆಗಳಿಂದ ಕೋರಿಕೆಗಳನ್ನು ಒಮ್ಮೆಲೇ ನುಗ್ಗಿಸಿ ವ್ಯವಸ್ಥೆಯನ್ನು ಬಸವಳಿಸಿದ ದಾಳಿ ಅದು. ಎಲ್ಲರಿಗೂ ತೆರೆದಿರಲೇಬೇಕಾದ ದಾರಿಯನ್ನು ಕಾಯುವುದು ಬೇರೆಯದೇ ವಿದ್ಯೆ. ಇಲ್ಲಿ ಹೇಳುತ್ತಿರುವುದು ಎರಡನೆಯ ದಾರಿಯ ಬಗ್ಗೆ. ಅದನ್ನು ಕಾಯುವುದು ಹೆಚ್ಚು ಸುಲಭ, ಕೈಬಿಟ್ಟರೆ ಆಗುವ ನಷ್ಟ ಹೆಚ್ಚು ದೊಡ್ಡದು.

ಪೋರ್ಟ್ ಎಂದರೇನು ಎಂಬುದಕ್ಕೆ ಧರ್ಮಪುರದವರಿಗೆ ತಮ್ಮ ಕೆರೆಯೇ ಸಾಕು. ಕೆರೆ ಒಂದು, ತೂಬು ಹಲವು. ಯಾವ ತೂಬಿನ ನೀರು ಯಾವ ಬಯಲಿಗೆ ಎಂಬುದು ಮೊದಲೇ ಗೊತ್ತು, ಅದನ್ನು ಎತ್ತಿ ಇಳಿಸುವ ಹಕ್ಕು ನೀರುಗಂಟಿಯದು. ಐಪಿ ವಿಳಾಸ ಕೆರೆಯಾದರೆ ಪೋರ್ಟ್ ತೂಬು, ಫೈರ್‌ವಾಲ್ ನೀರುಗಂಟಿ. ಪೋರ್ಟ್‌ಗಳ ಸಂಖ್ಯೆ 0ಯಿಂದ 65535ರವರೆಗೆ. 1023ರವರೆಗಿನವು ಹಳೆಯ, ಎಲ್ಲರಿಗೂ ಗೊತ್ತಿರುವ ಸೇವೆಗಳಿಗೆ ಮೀಸಲು. 49151ರವರೆಗಿನವನ್ನು ತಂತ್ರಾಂಶ ತಯಾರಕರು ನೋಂದಾಯಿಸಿಕೊಳ್ಳಬಹುದು. ಉಳಿದವನ್ನು ಕಂಪ್ಯೂಟರ್‌ಗಳು ತಾತ್ಕಾಲಿಕವಾಗಿ ಬಳಸುತ್ತವೆ. ಒಂದೇ ಸಂಖ್ಯೆಗೆ ಟಿಸಿಪಿ, ಯುಡಿಪಿ ಎಂಬ ಎರಡು ಬಗೆಗಳಿವೆ. ಫೈರ್‌ವಾಲ್‌ನಲ್ಲಿ ನಿಯಮ ಬರೆಯುವಾಗ ಯಾವ ಬಗೆ ಎಂಬುದನ್ನೂ ಹೇಳಬೇಕಾಗುತ್ತದೆ.

ಹೋಸ್ಟ್‌ನ ಪೋರ್ಟ್, ಗೆಸ್ಟ್‌ನ ಪೋರ್ಟ್

ಹೊಸಬರು ಎಡವುವುದು ಇಲ್ಲಿ. ವಿಎಂಗಳನ್ನು ಹೊತ್ತ ಯಂತ್ರ ಹೋಸ್ಟ್, ಒಳಗಿರುವುದು ಗೆಸ್ಟ್. ಗೆಸ್ಟ್‌ನೊಳಗೆ ಲಿನಕ್ಸ್ ಇದ್ದರೆ ಅದಕ್ಕೆ ಎಸ್‌ಎಸ್‌ಎಚ್ ಮೂಲಕ 22ರಲ್ಲಿ ಹೋಗುತ್ತೀರಿ, ವಿಂಡೋಸ್ ಇದ್ದರೆ ರಿಮೋಟ್ ಡೆಸ್ಕ್‌ಟಾಪ್‌ನ 3389ರಲ್ಲಿ. ಇವೆರಡೂ ಗೆಸ್ಟ್‌ನ ಪೋರ್ಟ್‌ಗಳು. ಗೆಸ್ಟ್‌ನ ನೆಟ್‌ವರ್ಕ್ ಕೆಟ್ಟರೆ ಎರಡೂ ಸತ್ತಂತೆ.

ಆಗ ಉಳಿಯುವುದು ಕನ್ಸೋಲ್. ವಿಎಂನ ಪರದೆಯನ್ನು ಹೋಸ್ಟೇ ನಿಮಗೆ ತೋರಿಸುತ್ತದೆ. ಗೆಸ್ಟ್‌ನೊಳಗೆ ಐಪಿ ವಿಳಾಸ ಇರಲಿ, ಬಿಡಲಿ, ಬೂಟ್ ಆಗುವಾಗಿನ ಅಕ್ಷರಗಳೂ ಕಾಣುತ್ತವೆ. ಕನ್ಸೋಲ್ ಪೋರ್ಟ್ ಇರುವುದು ಹೋಸ್ಟ್‌ನ ವಿಳಾಸದಲ್ಲಿ. ಮೈಕ್ರೋಸಾಫ್ಟ್‌ನ ಹೈಪರ್-ವಿ ಬಳಸುವವರಿಗೆ ಈ ವ್ಯತ್ಯಾಸ ತಕ್ಷಣ ಹೊಳೆಯುತ್ತದೆ. ಅಲ್ಲಿ ಕನ್ಸೋಲ್‌ಗೆ ಹೋಸ್ಟ್‌ನ 2179, ಗೆಸ್ಟ್‌ನ ಡೆಸ್ಕ್‌ಟಾಪ್‌ಗೆ ಗೆಸ್ಟ್‌ನದೇ 3389. ‘ವಿಎಂ ಸಿಗುತ್ತಿಲ್ಲ’ ಎಂದು ಯಾರಾದರೂ ಫೋನ್ ಮಾಡಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಕನ್ಸೋಲ್ ತೆರೆಯುತ್ತಿದೆಯೇ ಎಂಬುದು. ತೆರೆಯುತ್ತಿದ್ದರೆ ದೋಷ ಗೆಸ್ಟ್‌ನಲ್ಲಿ ಅಥವಾ ಅದರ ನೆಟ್‌ವರ್ಕ್‌ನಲ್ಲಿದೆ. ಅದೂ ತೆರೆಯದಿದ್ದರೆ ಹೋಸ್ಟ್ ಕಡೆ ನೋಡಬೇಕು.

ಹೋಸ್ಟ್‌ಗಿಂತಲೂ ಕೆಳಗೆ ಇನ್ನೊಂದು ಪದರವಿದೆ. ಸರ್ವರ್ ಯಂತ್ರಗಳ ಮದರ್‌ಬೋರ್ಡ್ ಮೇಲೆಯೇ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಡೆಲ್‌ನವರು ಅದನ್ನು ಐಡ್ರ್ಯಾಕ್ ಎನ್ನುತ್ತಾರೆ, ಎಚ್‌ಪಿಯವರು ಐಎಲ್‌ಒ. ಯಂತ್ರ ಆಫ್ ಆಗಿದ್ದರೂ ವಿದ್ಯುತ್ ಇರುವವರೆಗೆ ಅದು ಎಚ್ಚರವಾಗಿರುತ್ತದೆ, ದೂರದಿಂದಲೇ ಯಂತ್ರವನ್ನು ಆನ್ ಮಾಡಬಲ್ಲದು. ಇದರ ಐಪಿಎಂಐ ಸೇವೆ ಯುಡಿಪಿ 623ರಲ್ಲಿರುತ್ತದೆ. ಐಪಿಎಂಐ 2.0ರ ವಿನ್ಯಾಸದಲ್ಲೇ ಒಂದು ದೋಷವಿದೆ: ಬಳಕೆದಾರನ ಹೆಸರು ಗೊತ್ತಿರುವ ಯಾರು ಕೇಳಿದರೂ ಅದು ಪಾಸ್‌ವರ್ಡ್‌ನ ಹ್ಯಾಶ್ ಕೊಟ್ಟುಬಿಡುತ್ತದೆ. ಕೂತು ಊಹಿಸಿ ಒಡೆಯಲು ಅಷ್ಟು ಸಾಕು. ಸೆಕೆಂಡ್ ಹ್ಯಾಂಡ್ ಸರ್ವರ್ ಕೊಳ್ಳುವ ಕಾಲೇಜುಗಳು ಇದನ್ನು ಮರೆಯಬಾರದು.

ಪ್ರಾಕ್ಸ್‌ಮಾಕ್ಸ್ ಮತ್ತು ಕೆವಿಎಂ

2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ಹೈಪರ್‌ವೈಸರ್ ತಯಾರಕ ವಿಎಂವೇರ್ ಅನ್ನು ಕೊಂಡ ಮೇಲೆ ಪರವಾನಗಿಯ ಲೆಕ್ಕಾಚಾರ ಬದಲಾಯಿತು. ಸಣ್ಣ ಲ್ಯಾಬ್‌ಗಳಲ್ಲಿ ಹಲವರು ಪ್ರಾಕ್ಸ್‌ಮಾಕ್ಸ್ ಕಡೆ ತಿರುಗಿದರು. ಇದು ಡೆಬಿಯನ್ ಲಿನಕ್ಸ್ ಮೇಲೆ ನಿಂತ ಮುಕ್ತ ತಂತ್ರಾಂಶ, 2008ರಿಂದ ಬಳಕೆಯಲ್ಲಿದೆ. ಒಳಗಿನ ಎಂಜಿನ್ ಕೆವಿಎಂ, 2007ರಲ್ಲಿ ಲಿನಕ್ಸ್ ಕರ್ನಲ್‌ಗೆ ಸೇರಿದ್ದು. ಮೊದಲ ಸಲ ಕಲಿಯುವವರಿಗೆ ನನ್ನ ಸಲಹೆಯೂ ಪ್ರಾಕ್ಸ್‌ಮಾಕ್ಸೇ.

ಪ್ರಾಕ್ಸ್‌ಮಾಕ್ಸ್‌ನ ಆಡಳಿತ ಪುಟ ಇರುವುದು 8006ರಲ್ಲಿ. ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್ ಎಂದೇ ಆರಂಭಿಸಿ, ಹೋಸ್ಟ್‌ನ ಐಪಿ ಕೊಟ್ಟು, ಕೊನೆಯಲ್ಲಿ ವಿಸರ್ಗದ ಚುಕ್ಕಿಗಳಂತೆ ಮೇಲೊಂದು ಕೆಳಗೊಂದು ಚುಕ್ಕಿಯಿಟ್ಟು 8006 ಎಂದು ಟೈಪ್ ಮಾಡಬೇಕು. ಸರ್ಟಿಫಿಕೇಟ್ ಬಗ್ಗೆ ಬರುವ ಎಚ್ಚರಿಕೆ, ಹೋಸ್ಟ್ ತನಗೆ ತಾನೇ ಸಹಿ ಹಾಕಿಕೊಂಡಿದ್ದರಿಂದ ಬರುವಂಥದ್ದು. ಒಂದಕ್ಕಿಂತ ಹೆಚ್ಚು ಹೋಸ್ಟ್‌ಗಳನ್ನು ಗುಂಪಾಗಿ ಕಟ್ಟಿದರೆ ಅವು ಕೊರೊಸಿಂಕ್ ಮೂಲಕ ಯುಡಿಪಿ 5405ರಿಂದ 5412ರೊಳಗೆ ಪರಸ್ಪರ ಮಾತಾಡುತ್ತವೆ. ಸ್ಪೈಸ್ ಕನ್ಸೋಲ್‌ಗೆ 3128 ಬೇಕು. ಸ್ಕ್ವಿಡ್ ಪ್ರಾಕ್ಸಿಯೂ ಇದೇ 3128 ಬಳಸುತ್ತದೆ. ಎರಡನ್ನೂ ಒಂದೇ ಯಂತ್ರದಲ್ಲಿ ಹಾಕಿದರೆ ಒಂದು ಏಳುವುದೇ ಇಲ್ಲ.

ಪ್ರಾಕ್ಸ್‌ಮಾಕ್ಸ್‌ನ ಫೈರ್‌ವಾಲ್ ಆರಂಭದಲ್ಲಿ ಆಫ್ ಇರುತ್ತದೆ. ಆನ್ ಮಾಡಿದ ಕೂಡಲೇ ಹೊರಗಿನಿಂದ ಹೋಸ್ಟ್‌ಗೆ ಬರುವುದೆಲ್ಲ ತಡೆಯಾಗುತ್ತದೆ. ಹೋಸ್ಟ್ ಇರುವ ಸ್ಥಳೀಯ ನೆಟ್‌ವರ್ಕ್‌ನಿಂದ ಬರುವ 8006 ಮತ್ತು 22 ಮಾತ್ರ ಉಳಿಯುತ್ತವೆ. ಒಳ್ಳೆಯ ಏರ್ಪಾಡು. ಆದರೆ ಬೇರೆ ಊರಿನಲ್ಲಿ ಕೂತು, ಬೇರೆ ನೆಟ್‌ವರ್ಕ್‌ನಿಂದ ಈ ಸ್ವಿಚ್ ಒತ್ತಿದರೆ ನಿಮ್ಮ ದಾರಿಯನ್ನು ನೀವೇ ಕಡಿದುಕೊಂಡಂತೆ. ನಿಮ್ಮ ವಿಳಾಸವನ್ನು ‘ಮ್ಯಾನೇಜ್‌ಮೆಂಟ್’ ಹೆಸರಿನ ಐಪಿ ಗುಂಪಿಗೆ ಮೊದಲು ಸೇರಿಸಿ. ಈಗಿರುವ ಎಸ್‌ಎಸ್‌ಎಚ್ ಸಂಪರ್ಕವನ್ನು ಮುಚ್ಚದೆ, ಹೊಸದೊಂದು ಕಿಟಕಿಯಿಂದ ಲಾಗಿನ್ ಆಗುತ್ತದೆಯೇ ಎಂದು ನೋಡಿ. ಲಾಗಿನ್ ಆದರೆ ಮಾತ್ರ ಹಳೆಯದನ್ನು ಮುಚ್ಚಿ.

ಪ್ರಾಕ್ಸ್‌ಮಾಕ್ಸ್ ಬೇಡ, ಬರಿಯ ಲಿನಕ್ಸ್‌ನಲ್ಲಿ ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಸಾಕು ಎನ್ನುವವರಿಗೆ ಕೆಲಸ ಇನ್ನೂ ಹಗುರ. ಲಿಬ್‌ವರ್ಟ್‌ಗೆ 16509 ಮತ್ತು ಟಿಎಲ್‌ಎಸ್ ಎನ್‌ಕ್ರಿಪ್ಷನ್ ಇರುವ 16514 ಎಂಬ ಪೋರ್ಟ್‌ಗಳು ನಿಗದಿಯಾಗಿವೆ. ಮೊದಲನೆಯದರಲ್ಲಿ ಟಿಎಲ್‌ಎಸ್ ರಕ್ಷಣೆಯಿಲ್ಲ, ಅದನ್ನು ಮುಟ್ಟಲೇಬೇಡಿ. ಲಿಬ್‌ವರ್ಟ್‌ನ ನಿರ್ವಹಣಾ ತಂತ್ರಾಂಶವಾದ ವರ್ಟ್-ಮ್ಯಾನೇಜರ್ ಎಸ್‌ಎಸ್‌ಎಚ್ ಮೂಲಕವೇ ಹೋಸ್ಟ್‌ಗೆ ಜೋಡಿಸಿಕೊಳ್ಳುತ್ತದೆ, ಹೊಸ ಪೋರ್ಟ್ ಒಂದನ್ನೂ ತೆರೆಯಬೇಕಿಲ್ಲ. ವಿಎಂಗಳ ವಿಎನ್‌ಸಿ ಪರದೆಗಳು 5900ರಿಂದ ಮೇಲಕ್ಕೆ ಒಂದೊಂದಾಗಿ ಏರುತ್ತವೆ: ಮೊದಲ ವಿಎಂಗೆ 5900, ಎರಡನೆಯದಕ್ಕೆ 5901. ಹಳೆಯ ವಿಎನ್‌ಸಿ ಪದ್ಧತಿಯಲ್ಲಿ ಪಾಸ್‌ವರ್ಡ್‌ನ ಮೊದಲ 8 ಅಕ್ಷರ ಮಾತ್ರ ಲೆಕ್ಕಕ್ಕೆ ಬರುತ್ತವೆ. ಎಷ್ಟೇ ಉದ್ದದ ಪಾಸ್‌ವರ್ಡ್ ಕೊಟ್ಟರೂ ಪ್ರಯೋಜನವಿಲ್ಲ. 5900 ಸರಣಿಯನ್ನು ಇಂಟರ್‌ನೆಟ್‌ಗೆ ಬಿಡಬಾರದು ಎನ್ನಲು ಇದೊಂದೇ ಕಾರಣ ಸಾಕು.

427ರ ಪಾಠ

ವಿಎಂವೇರ್‌ನ ಇಎಸ್‌ಎಕ್ಸ್‌ಐ ಹೋಸ್ಟ್‌ಗಳಲ್ಲಿ ಆಡಳಿತ ಪುಟ 443ರಲ್ಲಿ, ಕನ್ಸೋಲ್ ಹಾಗೂ ಹೋಸ್ಟ್‌ಗೂ ಹಲವು ಹೋಸ್ಟ್‌ಗಳನ್ನು ಒಟ್ಟಿಗೆ ನಿರ್ವಹಿಸುವ ವಿಸೆಂಟರ್‌ಗೂ ನಡುವಿನ ಸಂಪರ್ಕ 902ರಲ್ಲಿ, ವಿಸೆಂಟರ್ ಯಂತ್ರದ ಸ್ವಂತ ನಿರ್ವಹಣೆ 5480ರಲ್ಲಿ ನಡೆಯುತ್ತವೆ. ವಿಎಂ ಅನ್ನು ಓಡುತ್ತಿರುವಾಗಲೇ ಮತ್ತೊಂದು ಹೋಸ್ಟ್‌ಗೆ ಸ್ಥಳಾಂತರಿಸುವ ವಿಮೋಷನ್‌ಗೆ 8000. ಇಷ್ಟು ಎಲ್ಲರೂ ನೆನಪಿಡುತ್ತಾರೆ. ಮರೆತದ್ದು 427. ನೆಟ್‌ವರ್ಕ್‌ನಲ್ಲಿ ಯಾವ ಸೇವೆ ಎಲ್ಲಿದೆ ಎಂದು ಹುಡುಕಲು ನೆರವಾಗುವ ಎಸ್‌ಎಲ್‌ಪಿ ಎಂಬ ಹಳೆಯ ಸೇವೆಯ ಪೋರ್ಟ್ ಅದು.

ಎಸ್‌ಎಲ್‌ಪಿಯಲ್ಲಿದ್ದ ದೋಷವೊಂದಕ್ಕೆ ವಿಎಂವೇರ್ 2021ರ ಫೆಬ್ರುವರಿಯಲ್ಲೇ ತಿದ್ದುಪಡಿ ಕೊಟ್ಟಿತ್ತು. ಸುಮಾರು ಎರಡು ವರ್ಷದ ನಂತರ, 2023ರ ಫೆಬ್ರುವರಿಯಲ್ಲಿ, ‘ಇಎಸ್‌ಎಕ್ಸ್‌ಐ ಆರ್ಗ್ಸ್’ ಎಂಬ ಸುಲಿಗೆ ತಂತ್ರಾಂಶ ಇಂಟರ್‌ನೆಟ್‌ಗೆ ನೇರವಾಗಿ ತೆರೆದಿದ್ದ, ತಿದ್ದುಪಡಿ ಹಾಕದ ಹೋಸ್ಟ್‌ಗಳ ಮೇಲೆ ಬಿತ್ತು. ಫ್ರಾನ್ಸ್‌ನ ಸೈಬರ್ ಸಂಸ್ಥೆ ಮೊದಲ ಎಚ್ಚರಿಕೆ ಕೊಟ್ಟಿತು. ಕೆಲವೇ ದಿನಗಳಲ್ಲಿ ಹಲವು ದೇಶಗಳ ಸಾವಿರಾರು ಸರ್ವರ್‌ಗಳು ಬೀಗ ಬಿದ್ದ ಸ್ಥಿತಿಗೆ ಬಂದವು. ದಾಳಿಕೋರರು ವಿಎಂಗಳ ಒಳಗೆ ಹೋಗಲೇ ಇಲ್ಲ, ಹೊರಗಿನಿಂದ ಅವುಗಳ ಕಡತಗಳನ್ನೇ ಎನ್‌ಕ್ರಿಪ್ಟ್ ಮಾಡಿದರು. ಗೆಸ್ಟ್‌ನೊಳಗೆ ಎಷ್ಟೇ ಬಿಗಿಯಾದ ಆ್ಯಂಟಿವೈರಸ್ ಇದ್ದರೂ ಅದಕ್ಕೆ ಏನೂ ತಿಳಿಯಲಿಲ್ಲ. ಮೊದಲ ಸುತ್ತಿನಲ್ಲಿ ದೊಡ್ಡ ಡಿಸ್ಕ್ ಕಡತಗಳು ಹಲವೆಡೆ ಪೂರ್ತಿ ಹಾಳಾಗಿರಲಿಲ್ಲ. ಹಾಗಾಗಿ ಅಮೆರಿಕದ ಸಿಸಾ ಸಂಸ್ಥೆ ಪ್ರಕಟಿಸಿದ ಸ್ಕ್ರಿಪ್ಟ್‌ನಿಂದ ಕೆಲವರು ವಿಎಂಗಳನ್ನು ಮರಳಿ ಪಡೆದರು. ಎರಡನೇ ಸುತ್ತಿನಲ್ಲಿ ದಾಳಿಕೋರರು ಆ ಸಂದನ್ನೂ ಮುಚ್ಚಿದರು.

ಬಳಸದ ಸೇವೆಯನ್ನು ನಿಲ್ಲಿಸಿದ್ದರೆ ಸಾಕಿತ್ತು. ಆಡಳಿತದ ವಿಳಾಸವನ್ನು ಇಂಟರ್‌ನೆಟ್‌ಗೆ ಬಿಡದಿದ್ದರೂ ಸಾಕಿತ್ತು. ಒಂದು ಗೆಸ್ಟ್‌ನ ಪಾಸ್‌ವರ್ಡ್ ಹೋದರೆ ಹೋಗುವುದು ಒಂದು ವಿಎಂ, ಹೋಸ್ಟ್‌ನ ಪೋರ್ಟ್ ಹೋದರೆ ಅದರ ಮೇಲಿರುವುದೆಲ್ಲವೂ.

ಸ್ಟೋರೇಜ್‌ಗಾಗಿ ಬಳಸುವ ಐಸ್ಕಝಿಯ 3260, ಎನ್‌ಎಫ್‌ಎಸ್‌ನ 2049 ಕೂಡ ಇದೇ ಸಾಲಿನವು. ಅವು ಹೋಸ್ಟ್‌ಗಳ ನಡುವಿನ ಪ್ರತ್ಯೇಕ ಕೇಬಲ್ ಅಥವಾ ವಿಲ್ಯಾನ್ ದಾಟಬಾರದು. ಡಾಕರ್ ವರ್ಚುವಲ್ ಮಷೀನ್ ಅಲ್ಲ, ಆದರೂ ಎಚ್ಚರಿಸಬೇಕು: 2375ರಲ್ಲಿ ಅದರ ಎಪಿಐ ತೆರೆದಿಟ್ಟರೆ ಪಾಸ್‌ವರ್ಡ್ ಇಲ್ಲದೆಯೇ ಇಡೀ ಯಂತ್ರ ಪರರ ಪಾಲು. ಇನ್ನೊಂದು, ಡಾಕರ್ ಕಂಟೇನರ್‌ನ ಪೋರ್ಟ್ ಪ್ರಕಟಿಸುವಾಗ ತಾನೇ ಐಪಿಟೇಬಲ್ಸ್ ನಿಯಮ ಬರೆಯುತ್ತದೆ. ಉಬುಂಟುವಿನ ಯುಎಫ್‌ಡಬ್ಲ್ಯು ‘ತಡೆದಿದ್ದೇನೆ’ ಎಂದು ಹೇಳುತ್ತಿದ್ದರೂ ಪೋರ್ಟ್ ಹೊರಗೆ ಕಾಣುತ್ತಿರಬಹುದು. ಪೋರ್ಟ್ ಸಂಖ್ಯೆಗೆ ಮೊದಲು 127.0.0.1 ಸೇರಿಸಿ ಪ್ರಕಟಿಸಿದರೆ ಅದು ಯಂತ್ರದ ಒಳಗೇ ಉಳಿಯುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಕಲಿಯುವವರಿಗೆ

ವಿದ್ಯಾರ್ಥಿಗಳು ಆರಂಭಿಸುವುದು ಸಾಮಾನ್ಯವಾಗಿ ವರ್ಚುವಲ್‌ಬಾಕ್ಸ್‌ನಿಂದ. ಅದರ ನ್ಯಾಟ್ ಕ್ರಮದಲ್ಲಿ ಗೆಸ್ಟ್‌ಗೆ 10.0.2.15 ಎಂಬ ವಿಳಾಸ ಸಿಗುತ್ತದೆ. ಗೆಸ್ಟ್ ಹೊರಗೆ ಹೋಗಬಲ್ಲದು, ಹೊರಗಿನಿಂದ ಒಳಬರಲು ಪೋರ್ಟ್ ಫಾರ್ವರ್ಡಿಂಗ್ ಮಾಡಬೇಕು. ಹೋಸ್ಟ್‌ನ 2222 ಅನ್ನು ಗೆಸ್ಟ್‌ನ 22ಕ್ಕೆ ಕಳಿಸುವುದು ರೂಢಿ. ಆ ಪಟ್ಟಿಯಲ್ಲಿ ‘ಹೋಸ್ಟ್ ಐಪಿ’ ಎಂಬ ಖಾನೆ ಇರುತ್ತದೆ, ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟರೆ 2222 ಎಲ್ಲ ವಿಳಾಸಗಳಲ್ಲೂ ತೆರೆದುಕೊಳ್ಳುತ್ತದೆ. ಲ್ಯಾಪ್‌ಟಾಪ್‌ನ ಫೈರ್‌ವಾಲ್ ತಡೆಯದಿದ್ದರೆ, ಹಾಸ್ಟೆಲ್ ವೈಫೈನಲ್ಲಿರುವ ಯಾರು ಬೇಕಾದರೂ ನಿಮ್ಮ ವಿಎಂನ ಲಾಗಿನ್‌ವರೆಗೆ ಬರಬಹುದು. ಆ ಖಾನೆಯಲ್ಲಿ 127.0.0.1 ತುಂಬಿ.

ಧರ್ಮಪುರದಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಧರ್ಮಪುರಕ್ಕೆ

ಊರಲ್ಲಿ ಹೋಸ್ಟ್ ಇಟ್ಟು, ಕೆಲಸಕ್ಕೆಂದು ಬೆಂಗಳೂರಿಗೆ ಹೋದವರು ಕೇಳುವ ಪ್ರಶ್ನೆ: ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದೆ, ಆದರೂ ಯಾಕೆ ಸಿಗುತ್ತಿಲ್ಲ? ಕಾರಣ ಬಹುತೇಕ ಸಿಜಿನ್ಯಾಟ್. ಐಪಿವಿ4 ವಿಳಾಸಗಳ ಕೊರತೆಯಿಂದ ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ರೂಟರ್‌ನ ವ್ಯಾನ್ ಪುಟದಲ್ಲಿ ಕಾಣುವ ವಿಳಾಸ 100.64ರಿಂದ 100.127ರವರೆಗಿನದ್ದಾಗಿದ್ದರೆ ಅಥವಾ 10ರಿಂದ ಆರಂಭವಾಗಿದ್ದರೆ, ನೀವು ಆ ಗುಂಪಿನಲ್ಲಿದ್ದೀರಿ. 4ಜಿ, 5ಜಿ ಡಾಂಗಲ್‌ಗಳಲ್ಲಂತೂ ಇದು ಸರ್ವೇಸಾಮಾನ್ಯ. ರೂಟರ್‌ನಲ್ಲಿ ಎಷ್ಟು ತಿಣುಕಿದರೂ ಫಲವಿಲ್ಲ. ಐಪಿವಿ6ರಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಯಂತ್ರಕ್ಕೂ ನೇರ ವಿಳಾಸ ಸಿಗುತ್ತದೆ, ರೂಟರ್‌ನ ಫೈರ್‌ವಾಲ್ ಒಂದೇ ಅಡ್ಡ. ಐಪಿವಿ4ಕ್ಕೆ ಮಾತ್ರ ನಿಯಮ ಬರೆದು ನಿರಾಳವಾಗಿರುವವರು ಇದನ್ನು ಇಂದೇ ನೋಡಿಕೊಳ್ಳಬೇಕು.

ಸಿಜಿನ್ಯಾಟ್‌ನ ತೊಡಕಿಗೆ ಪರಿಹಾರ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ. ತಿಂಗಳ ಬಾಡಿಗೆಗೆ ಸಿಗುವ ಪುಟ್ಟ ವಿಪಿಎಸ್ ಒಂದನ್ನು ನಡುವಿನ ತಾಣವಾಗಿ ಇಟ್ಟುಕೊಳ್ಳಿ. ಊರಿನ ಹೋಸ್ಟ್ ತಾನೇ ಮುಂದಾಗಿ ಅದಕ್ಕೆ ಸಂಪರ್ಕ ಸಾಧಿಸುತ್ತದೆ, ನಿಮ್ಮ ಲ್ಯಾಪ್‌ಟಾಪ್ ಕೂಡ. ಹೊರಹೋಗುವ ಸಂಪರ್ಕಕ್ಕೆ ಸಿಜಿನ್ಯಾಟ್ ಅಡ್ಡಿಯಿಲ್ಲ. ಅದು ಕಡಿಯದಂತೆ 25 ಸೆಕೆಂಡಿಗೊಮ್ಮೆ ಸಣ್ಣ ಸಂದೇಶ ಕಳಿಸುವ ವ್ಯವಸ್ಥೆ ವೈರ್‌ಗಾರ್ಡ್‌ನಲ್ಲೇ ಇದೆ. ಇಂಟರ್‌ನೆಟ್‌ಗೆ ತೆರೆಯಬೇಕಾದದ್ದು ವಿಪಿಎಸ್‌ನಲ್ಲಿ ಒಂದೇ ಪೋರ್ಟ್, ರೂಢಿಯಲ್ಲಿ ಯುಡಿಪಿ 51820. ಸರಿಯಾದ ಕೀ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಹುಡುಕಿಕೊಂಡು ಬಂದವರಿಗೆ ಅಲ್ಲೊಂದು ಸೇವೆ ಇದೆ ಎಂದೂ ತಿಳಿಯುವುದಿಲ್ಲ. ನಾನು ಅದನ್ನು ಮೆಚ್ಚುವುದು ಈ ಗುಣಕ್ಕೆ. 8006, 5900, 3389 ಎಲ್ಲವೂ ಆ ಸುರಂಗದ ಒಳಗೆ ಉಳಿಯುತ್ತವೆ.

ಅಷ್ಟು ಬೇಡವೆಂದರೆ ಎಸ್‌ಎಸ್‌ಎಚ್ ಸುರಂಗವೂ ಆಗುತ್ತದೆ. ಟಾಟು ಯಲೋನೆನ್ 1995ರಲ್ಲಿ ಫಿನ್‌ಲ್ಯಾಂಡ್‌ನಲ್ಲಿ ಎಸ್‌ಎಸ್‌ಎಚ್ ಬರೆದಾಗ ಎಫ್‌ಟಿಪಿಯ 21, ಟೆಲ್‌ನೆಟ್‌ನ 23ರ ನಡುವೆ ಖಾಲಿಯಿದ್ದ 22ನ್ನು ಕೇಳಿ ಪಡೆದರು. ಆ ಒಂದು ಪೋರ್ಟ್‌ನೊಳಗಿಂದ ಬೇರೆ ಯಾವ ಪೋರ್ಟನ್ನಾದರೂ ಹಾಯಿಸಬಹುದು. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ಕೀ ಮಾತ್ರ ಇಟ್ಟುಕೊಳ್ಳಿ. 22ನ್ನು ಬೇರೆ ಸಂಖ್ಯೆಗೆ ಬದಲಿಸಿದರೆ ಲಾಗ್‌ನಲ್ಲಿ ಗದ್ದಲ ಕಡಿಮೆಯಾಗುತ್ತದೆ ಅಷ್ಟೆ, ಅದನ್ನು ರಕ್ಷಣೆ ಎಂದುಕೊಳ್ಳಬೇಡಿ. 3389ಕ್ಕೂ ಇದೇ ಮಾತು. 2019ರ ಮೇ ತಿಂಗಳಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬ್ಲೂಕೀಪ್ ಎಂಬ ದೋಷ ಬಯಲಾದಾಗ ಮೈಕ್ರೋಸಾಫ್ಟ್, ಬೆಂಬಲ ಮುಗಿದು ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ತಿದ್ದುಪಡಿ ಕೊಡಬೇಕಾಯಿತು. ಅಷ್ಟು ಅಪಾಯಕಾರಿಯಾಗಿತ್ತು ಅದು.

ನಿಮ್ಮ ಹೋಸ್ಟ್‌ನಲ್ಲಿ ಈಗ ಏನು ತೆರೆದಿದೆ?

ಲಿನಕ್ಸ್ ಹೋಸ್ಟ್‌ನಲ್ಲಿ ‘ಎಸ್‌ಎಸ್’ ಎಂಬ ಎರಡಕ್ಷರದ ಆದೇಶದ ಮುಂದೆ ಅಡ್ಡಗೆರೆ ಹಾಕಿ ಟಿ, ಯು, ಎಲ್, ಎನ್, ಪಿ ಸಣ್ಣಕ್ಷರಗಳನ್ನು ಒಟ್ಟಿಗೆ ಬರೆಯಿರಿ. ಯಾವ ಪೋರ್ಟ್‌ನಲ್ಲಿ ಯಾವ ತಂತ್ರಾಂಶ ಕಾದು ಕೂತಿದೆ ಎಂಬ ಪಟ್ಟಿ ಬರುತ್ತದೆ. ಓದಬೇಕಾದದ್ದು ಪೋರ್ಟ್ ಸಂಖ್ಯೆಗಿಂತ ಅದರ ಹಿಂದಿನ ವಿಳಾಸ. 127.0.0.1 ಇದ್ದರೆ ಯಂತ್ರದ ಒಳಗಿನವರಿಗೆ ಮಾತ್ರ, 0.0.0.0 ಅಥವಾ ನಕ್ಷತ್ರ ಚಿಹ್ನೆ ಇದ್ದರೆ ತಲುಪಬಲ್ಲ ಎಲ್ಲರಿಗೂ. ಪಟ್ಟಿಯ ಪ್ರತಿ ಸಾಲಿಗೂ ‘ಇದು ಯಾಕೆ ಬೇಕು’ ಎಂದು ಉತ್ತರ ಬರೆದಿಡಿ. ಉತ್ತರ ಸಿಗದ ಸೇವೆಯನ್ನು ನಿಲ್ಲಿಸಿ. ಆಮೇಲೆ ಮನೆಯ ವೈಫೈ ಬಿಟ್ಟು, ಮೊಬೈಲ್ ಡೇಟಾದಿಂದ ನಿಮ್ಮದೇ ವಿಳಾಸವನ್ನು ಎನ್‌ಮ್ಯಾಪ್‌ನಿಂದ ಪರೀಕ್ಷಿಸಿ. ಬೇರೆಯವರ ವಿಳಾಸದ ಮೇಲೆ ಈ ಪ್ರಯೋಗ ಬೇಡ. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಡಿ ಬರುತ್ತದೆ, ಅದಕ್ಕೆ 3 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು.

ಹಳ್ಳಿಯ ಹೋಸ್ಟ್‌ಗೆ ದಾಳಿಕೋರರಷ್ಟೇ ದೊಡ್ಡ ಶತ್ರು ಕರೆಂಟ್. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಹೋಸ್ಟ್‌ಗೆ ಜೋಡಿಸಿ ನಟ್ ಎಂಬ ತಂತ್ರಾಂಶ ಹಾಕಿದರೆ, ಬ್ಯಾಟರಿ ಮುಗಿಯುವ ಮೊದಲೇ ವಿಎಂಗಳನ್ನು ಕ್ರಮವಾಗಿ ನಿಲ್ಲಿಸಬಹುದು. ಅದು ಬೇರೆ ಹೋಸ್ಟ್‌ಗಳಿಗೂ ಸುದ್ದಿ ಮುಟ್ಟಿಸಲು 3493 ಬಳಸುತ್ತದೆ, ಅದೂ ಒಳಗಿನ ನೆಟ್‌ವರ್ಕ್‌ಗೆ ಸೀಮಿತವಾಗಿರಲಿ. ಕರೆಂಟ್ ಬಂದಾಗ ಯಂತ್ರ ತಾನೇ ಆನ್ ಆಗುವಂತೆ ಬಯಾಸ್‌ನಲ್ಲಿ ಹೇಳಿಡಿ. ವೈರ್‌ಗಾರ್ಡ್ ಬೂಟ್ ಹೊತ್ತಿಗೇ ಶುರುವಾಗುವಂತಿರಲಿ. ಇಲ್ಲದಿದ್ದರೆ ಗುಂಡಿ ಒತ್ತಲು ಹಿರಿಯೂರಿನಿಂದ ಬಸ್ ಹಿಡಿದು ಯಾರಾದರೂ ಬರಬೇಕಾಗುತ್ತದೆ.

ಸಂಸ್ಥೆಯ ಸರ್ವರ್ ನೋಡಿಕೊಳ್ಳುವವರಿಗೆ ಇನ್ನೊಂದು ಹೊಣೆಯಿದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ದತ್ತಾಂಶ ಕೇಂದ್ರಗಳು, ಸರ್ಕಾರಿ ಸಂಸ್ಥೆಗಳು ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಉಳಿಸಿಕೊಳ್ಳಬೇಕು. ಹೋಸ್ಟ್ ಕೈತಪ್ಪಿದರೆ ಅದರ ಮೇಲಿನ ಲಾಗ್ ಕೂಡ ಕೈತಪ್ಪುತ್ತದೆ. ಆದ್ದರಿಂದ ಲಾಗ್‌ಗಳನ್ನು ಆ ಹೋಸ್ಟ್‌ನ ಹೊರಗೆ, ಬೇರೆ ಪಾಸ್‌ವರ್ಡ್ ಇರುವ ಬೇರೆ ಯಂತ್ರಕ್ಕೆ ಕಳಿಸುತ್ತಿರಬೇಕು. ಬ್ಯಾಕಪ್‌ಗೂ ಅದೇ ನಿಯಮ. ಸಿಸ್‌ಲಾಗ್‌ಗೆ ರೂಢಿಯ ಪೋರ್ಟ್ 514, ಟಿಎಲ್‌ಎಸ್ ಸಹಿತ ಕಳಿಸಲು 6514. ಎಲ್ಲ ಯಂತ್ರಗಳ ಗಡಿಯಾರವನ್ನು ಎನ್‌ಟಿಪಿ ಮೂಲಕ, ಅಂದರೆ ಯುಡಿಪಿ 123ರಲ್ಲಿ, ಸರಿಹೊಂದಿಸಿಕೊಳ್ಳಿ. ಗಡಿಯಾರಗಳು ಹೊಂದದಿದ್ದರೆ, ಯಾರು ಯಾವ ಪೋರ್ಟ್‌ನಿಂದ ಯಾವಾಗ ಒಳಬಂದರು ಎಂದು ಎರಡು ಯಂತ್ರಗಳ ಲಾಗ್ ಇಟ್ಟುಕೊಂಡೂ ಹೇಳಲಾಗದು.